ಮೂರು ಎಂಜಿನ್ ಇದ್ದೂ ಬಿದ್ದದ್ದೇಕೆ?

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಫಾಕರ್ ಕಂಪನಿಯ ಮೂರು ಎಂಜಿನ್ ವಿಮಾನದ ಬಗ್ಗೆ ಓದಿದೆ. ಒಂದು ಎಂಜಿನ್ ಕೆಟ್ಟರೂ ಇನ್ನೆರಡು ಇರುತ್ತವಲ್ಲ, ಆದರೂ ಅವು ಯಾಕೆ ಬಿದ್ದವು? 'ಮರದ ರೆಕ್ಕೆ ಅಂದಮೇಲೆ ಇನ್ನೇನಾದೀತು' ಅಂತಾರೆ ನಮ್ಮಣ್ಣ. ನಿಜವೇ? ಅಂಥ ವಿಮಾನ ಈಗ ಎಲ್ಲಾದರೂ ನೋಡಲು ಸಿಗುತ್ತದೆಯೇ?

ಸಂಪಾದಕರ ಉತ್ತರ: ನಿಮ್ಮಣ್ಣನ ಮಾತು ಅರ್ಧ ನಿಜ. ಉಳಿದರ್ಧ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಆ ಕಾಲದಲ್ಲಿ ಹಾರುತ್ತಿರುವಾಗಲೇ ಎಂಜಿನ್ ನಿಂತುಹೋಗುವುದು ಮಾಮೂಲಿ ಸಂಗತಿ. 1925ರಲ್ಲಿ ಅಮೆರಿಕದಲ್ಲಿ ವಿಮಾನಗಳ ಭರವಸೆ ಪರೀಕ್ಷಿಸುವ ಒಂದು ಪ್ರವಾಸ ನಡೆಯಿತು. ಅದಕ್ಕೆಂದು ಆಂಥೊನಿ ಫಾಕರ್ ತನ್ನ ಒಂಟಿ ಎಂಜಿನ್‌ನ ಎಫ್-7 ವಿಮಾನಕ್ಕೆ ರೆಕ್ಕೆಯ ಕೆಳಗೆ ಇನ್ನೆರಡು ಎಂಜಿನ್ ತೂಗುಹಾಕಿದ. ಪ್ರಯಾಣಿಕರಿಗೆ ಧೈರ್ಯ ಬಂತು, ವಿಮಾನ ಜೋರಾಗಿ ಮಾರಾಟವಾಯಿತು. 1928ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಇದೇ ಜಾತಿಯ 'ಸದರ್ನ್ ಕ್ರಾಸ್'ನಲ್ಲಿ ಕ್ಯಾಲಿಫೋರ್ನಿಯಾದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಸಾಗರ ದಾಟಿದ ಮೇಲಂತೂ ಕೇಳುವುದೇ ಬೇಡ.

ಆದರೆ 1931ರ ಮಾರ್ಚ್‌ನಲ್ಲಿ ಹತ್ತೇ ದಿನಗಳ ಅಂತರದಲ್ಲಿ ಈ ಕುಟುಂಬದ ಎರಡು ವಿಮಾನ ಹೋದವು. ಎರಡರಲ್ಲೂ ಎಂಟೆಂಟು ಜನ.

ಮೊದಲನೆಯದು ಮಾರ್ಚ್ 21ರಂದು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೊರಟ 'ಸದರ್ನ್ ಕ್ಲೌಡ್'. ಫಾಕರ್ ವಿನ್ಯಾಸವನ್ನೇ ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದು ಕಟ್ಟಿದ ವಿಮಾನ. ಹವಾಮಾನ ತೀರಾ ಕೆಟ್ಟಿದೆ ಎಂಬ ಹೊಸ ವರದಿ ಬಂದಾಗ ವಿಮಾನ ಆಗಲೇ ಹಾರಿಬಿಟ್ಟಿತ್ತು. ರೇಡಿಯೋ ಇಲ್ಲ, ಹೇಳುವುದು ಹೇಗೆ? ಎಷ್ಟು ಹುಡುಕಿದರೂ ಸಿಗಲಿಲ್ಲ. 1958ರಲ್ಲಿ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಕೆಲಸಗಾರನೊಬ್ಬ ಕಾಡಿನಲ್ಲಿ ಅಡ್ಡಾಡುವಾಗ ಅವಶೇಷ ಕಣ್ಣಿಗೆ ಬಿತ್ತು. ಮೂರಲ್ಲ, ಆರು ಎಂಜಿನ್ ಇದ್ದಿದ್ದರೂ ಅವತ್ತು ಏನು ಪ್ರಯೋಜನ?

ಎರಡನೆಯದಕ್ಕೆ ನಿಮ್ಮಣ್ಣನ ಮಾತು ಸರಿಹೊಂದುತ್ತದೆ. ಮಾರ್ಚ್ 31ರಂದು ಅಮೆರಿಕದ ವಿಮಾನಯಾನ ಕಂಪನಿ ಟಿಡಬ್ಲ್ಯುಎಯ ಫಾಕರ್ ಎಫ್-10, ಅಂದರೆ ಎಫ್-7ರ ದೊಡ್ಡ ತಮ್ಮ, ಕ್ಯಾನ್ಸಸ್‌ನ ಬಜಾರ್ ಎಂಬ ಪುಟ್ಟ ಊರಿನ ಹುಲ್ಲುಗಾವಲಿಗೆ ಬಿತ್ತು. ಒಳಗಿದ್ದ ಒಬ್ಬರು ನ್ಯೂಟ್ ರಾಕ್ನಿ, ಅಮೆರಿಕದ ಫುಟ್ಬಾಲ್‌ನಲ್ಲಿ ಮನೆಮಾತಾಗಿದ್ದ ಕೋಚ್. ಇಡೀ ದೇಶ ಕಾರಣ ಕೇಳಿತು. ವಾಣಿಜ್ಯ ಇಲಾಖೆಯ ವಿಮಾನಯಾನ ವಿಭಾಗಕ್ಕೆ ಅಲ್ಲಿಯವರೆಗೆ ಅಪಘಾತದ ಕಾರಣಗಳನ್ನು ಗುಟ್ಟಾಗಿಡುವ ಚಾಳಿ. ಈಗ ಬಾಯಿ ಬಿಡಲೇಬೇಕಾಯಿತು. ಮೊದಲು ಪ್ರೊಪೆಲ್ಲರ್ ಮುರಿದಿದೆ ಅಂದರು. ಅದು ಮಣ್ಣಿನಲ್ಲಿ ಹೂತು ಸಿಕ್ಕಿತು, ಮುರಿದೇ ಇರಲಿಲ್ಲ! ಆಮೇಲೆ ಮಂಜುಗಡ್ಡೆ ಅಂದರು. ಕೊನೆಗೆ ಬೆರಳು ರೆಕ್ಕೆಯ ಕಡೆ ತಿರುಗಿತು: ಒಂದು ರೆಕ್ಕೆ ಗಾಳಿಯಲ್ಲೇ ಕಿತ್ತುಹೋಗಿತ್ತು.

ರೆಕ್ಕೆಯ ಒಳಗೆ ಉದ್ದಕ್ಕೂ ಮರದ ತೊಲೆಗಳು, ಮೇಲೆ ಪ್ಲೈವುಡ್ ಹೊದಿಕೆ, ಎಲ್ಲವನ್ನೂ ಹಿಡಿದಿಟ್ಟಿದ್ದು ಗೋಂದು. ಒಳಗೆ ತೇವ ಸೇರಿದರೆ ಗೋಂದು ಸಡಿಲ. ಅಡುಗೆಮನೆ ಸಿಂಕಿನ ಕೆಳಗಿನ ಪ್ಲೈವುಡ್ ಬಾಗಿಲು ಮಳೆಗಾಲದಲ್ಲಿ ಪದರ ಬಿಡುತ್ತದಲ್ಲ, ಹಾಗೆ. ಆದರೆ ಇಲ್ಲಿ ಪದರ ಬಿಟ್ಟದ್ದು ಹೊರಗೆ ಕಾಣುವುದಿಲ್ಲ. ನೋಡಬೇಕೆಂದರೆ ಹೊದಿಕೆಯನ್ನೇ ಕೀಳಬೇಕು. ನನ್ನ ಪ್ರಕಾರ ದೋಷ ಮರದ್ದಲ್ಲ, ಒಳಗೆ ಇಣುಕಲು ದಾರಿಯೇ ಬಿಡದ ವಿನ್ಯಾಸದ್ದು. ಮೇ ತಿಂಗಳಲ್ಲಿ ಸರ್ಕಾರ ಎಫ್-10ಗಳಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತು. ತಪಾಸಣೆ ಮಾಡಿ ಮತ್ತೆ ಬಿಟ್ಟರೂ ಜನರ ನಂಬಿಕೆ ಹೋಗಿಯಾಗಿತ್ತು.

ಇನ್ನು 'ಒಂದು ಕೆಟ್ಟರೆ ಎರಡಿವೆ' ಎಂಬ ಲೆಕ್ಕ. 1935ರ ಮೇನಲ್ಲಿ ಅದೇ ಸದರ್ನ್ ಕ್ರಾಸ್ ಟಾಸ್ಮನ್ ಸಮುದ್ರದ ಮೇಲೆ ಹೋಗುತ್ತಿತ್ತು. ನಡು ಎಂಜಿನ್ನಿನ ಹೊಗೆಕೊಳವೆಯ ತುಂಡೊಂದು ಕಿತ್ತು ಬಲಗಡೆಯ ಪ್ರೊಪೆಲ್ಲರಿಗೆ ಬಡಿಯಿತು. ಆ ಎಂಜಿನ್ ಬಂದ್. ಸ್ವಲ್ಪ ಹೊತ್ತಿಗೆ ಎಡಗಡೆಯದು ಆಯಿಲ್ ಕುಡಿಯತೊಡಗಿತು. ಸಹ ಪೈಲಟ್ ಪಿ. ಜಿ. ಟೇಲರ್ ಹೊರಗಿನ ಕಂಬಿ ಹಿಡಿದು, ಬಂದ್ ಆಗಿದ್ದ ಎಂಜಿನ್ ತನಕ ಹೋಗಿ, ಥರ್ಮಾಸ್ ಫ್ಲಾಸ್ಕಿಗೆ ಆಯಿಲ್ ಇಳಿಸಿಕೊಂಡು ಬಂದ. ಮತ್ತೆ ಎಡಗಡೆಗೆ ಹತ್ತಿ ಸುರಿದ. ಅವನು ಆ ಕಡೆ ಇದ್ದಷ್ಟು ಹೊತ್ತು, ಪ್ರೊಪೆಲ್ಲರಿನ ಗಾಳಿ ಅವನನ್ನು ಕಿತ್ತೆಸೆಯದಂತೆ ಎಡ ಎಂಜಿನ್ನಿನ ವೇಗ ತಗ್ಗಿಸಲೇಬೇಕು, ತಗ್ಗಿಸಿದರೆ ವಿಮಾನ ನೀರಿನ ಕಡೆ ಇಳಿಯುತ್ತದೆ. ಹೀಗೇ ಮತ್ತೆ ಮತ್ತೆ ಹೋಗಿಬಂದ. ಭಾರ ಇಳಿಸಲು ಅಂಚೆಚೀಲಗಳನ್ನೂ ಎಸೆದು ಸಿಡ್ನಿ ಮುಟ್ಟಿದರು. ಪುಣ್ಯಾತ್ಮ!

ತಮಾಷೆ ನೋಡಿ, 1932ರಲ್ಲಿ ಟಿಡಬ್ಲ್ಯುಎಯ ಜಾಕ್ ಫ್ರೈ ಡಗ್ಲಸ್ ಕಂಪನಿಗೆ ಪತ್ರ ಬರೆದು ಕೇಳಿದ್ದೂ ಮೂರು ಎಂಜಿನ್ ವಿಮಾನವನ್ನೇ, ಆದರೆ ಪೂರ್ತಿ ಲೋಹದ್ದು. ಡಗ್ಲಸ್ ಕೊಟ್ಟದ್ದು ಎರಡೇ ಎಂಜಿನ್‌ನ ಡಿಸಿ-1. ಒಂದನ್ನು ಆಫ್ ಮಾಡಿಯೂ ಅದು ಅರಿಜೋನಾದ ವಿನ್ಸ್‌ಲೋದಿಂದ ಆಲ್ಬುಕರ್ಕಿವರೆಗೆ ಹಾರಿ ತೋರಿಸಿತು.

ನೋಡಲು ಎಲ್ಲಿ ಸಿಗುತ್ತದೆ ಅಂದಿರಿ. ಸದರ್ನ್ ಕ್ರಾಸ್ ಇನ್ನೂ ಇದೆ, ಬ್ರಿಸ್ಬೇನ್ ವಿಮಾನ ನಿಲ್ದಾಣದ ಆವರಣದಲ್ಲಿ. ಆ ಕಡೆ ನೆಂಟರಿದ್ದರೆ ಒಂದು ಫೋಟೋ ತರಿಸಿಕೊಳ್ಳಿ, ಎಂಜಿನ್ ಹಿಡಿದಿರುವ ಕಂಬಿಗಳು ಕಾಣುವ ಹಾಗೆ.