ಅರಿಜೋನಾ ಬಯಲಾಗ ಫ್ರೀ ಟೆಂಟ್: ಮೊದ್ಲು ಜಾಗ ಯಾರ್ದು ಅಂತ ನೋಡ್ರಿ

ಪ್ರಶ್ನೆ: ನಮಸ್ಕಾರ್ರೀ ಸರ್. ಮಗ ಸೊಸಿ ಫೀನಿಕ್ಸ್‌ನಾಗ ಅದಾರ, ಡಿಸೆಂಬರ್‌ನಾಗ ನಾವು ಗಂಡ ಹೆಂಡ್ತಿ ಹೊಂಟೀವಿ. ಎಲ್ಲಾರೂ ಕೂಡಿ ಕಾರ್ ತಗಂಡು ಗ್ರ್ಯಾಂಡ್ ಕ್ಯಾನಿಯನ್ ಕಡಿ ಒಂದ್ ವಾರ ತಿರುಗಾಡಿ ಬರೂಣು ಅಂತಾನ ಮಗ. ಹೋಟೆಲ್ ಬ್ಯಾಡ, ಸರ್ಕಾರದ ಬಯಲಾಗ ಟೆಂಟ್ ಹಾಕಿದ್ರ ಒಂದ್ ರೂಪಾಯಿ ಖರ್ಚಿಲ್ಲ ಅಂತಾನ, ನನಗ ನಂಬಿಕೆ ಬರವಲ್ದು. ನಿಜಾನ? ನಡುರಾತ್ರಿ ಯಾರರ ಬಂದು ಎಬ್ಬಿಸಿ ಕಳ್ಸಿದ್ರ ಏನ್ ಮಾಡೂದು? ಅಂಥ ಜಾಗ ಹುಡುಕೂದು ಹೆಂಗ?
– ಓದುಗರು, ಗಂಗಾವತಿ

ಉತ್ತರ: ನಿಜ ಐತ್ರಿ, ಮಗ ಹೇಳಿದ್ದು ಸುಳ್ಳಲ್ಲ. ಅಮೆರಿಕದಾಗ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಕೇಂದ್ರ ಸರ್ಕಾರದ ಇಲಾಖೆ ಐತಿ, ಎಲ್ಲಾರೂ ಬಿಎಲ್‌ಎಂ ಅಂತಾರ, ಅದರ ಕೈಯಾಗ ಸುಮಾರು 24.5 ಕೋಟಿ ಎಕರೆ ಭೂಮಿ ಐತಿ, ಬಹುತೇಕ ಎಲ್ಲಾ ಪಶ್ಚಿಮದ ರಾಜ್ಯದಾಗ. ಫಾರೆಸ್ಟ್ ಸರ್ವಿಸ್ ಅಂದ್ರ ಅಲ್ಲಿನ ಅರಣ್ಯ ಇಲಾಖೆಯವರ ನ್ಯಾಷನಲ್ ಫಾರೆಸ್ಟ್‌ಗಳು ಬ್ಯಾರೆ. ಇಲ್ಲಿ ಬ್ಯಾಡ ಅಂತ ರೂಲ್ ಮಾಡಿರೋ ಕಡಿ ಬಿಟ್ರ ಈ ಎರಡೂ ಥರದ ಜಾಗದಾಗ ಬುಕಿಂಗ್ ಇಲ್ದ, ಫೀಸ್ ಇಲ್ದ ಇಳ್ಕೋಬಹುದು, ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅಂತಾರ ಅದಕ್ಕ. ನಳ ಇರಂಗಿಲ್ಲ, ಸಂಡಾಸ ಇರಂಗಿಲ್ಲ, ಕಸದ ಡಬ್ಬಿನೂ ಇರಂಗಿಲ್ಲ, ಬರೇ ನೆಲ. ಅರಿಜೋನಾದ ಬಿಎಲ್‌ಎಂ ಜಾಗದಾಗ 28 ದಿನದೊಳಗ 14 ದಿನ ಇರಬಹುದು, ಆಮ್ಯಾಲೆ 25 ಮೈಲಿ ಅಂದ್ರ 40 ಕಿಲೋಮೀಟರ್ ಆಚಿಗೆ ಹೋಗಬೇಕು. ನಿಮ್ದು ಒಂದೇ ವಾರ, ಆ ಚಿಂತಿ ಇಲ್ಲ.

ಎಬ್ಬಿಸ್ತಾರನು ಅಂತ ಕೇಳೀರಲ್ಲ, ಸರಿಯಾದ ಜಾಗದಾಗ ಇದ್ರ ಎಬ್ಬಿಸೋ ಮಾತೇ ಇಲ್ಲ, ತಪ್ಪು ಜಾಗದಾಗ ಇದ್ರ ಎಬ್ಬಿಸಿದ್ರೂ ಎಬ್ಬಿಸಿದ್ರ, ದಂಡನೂ ಬೀಳಬಹುದು. ಬಯಲು ನೋಡಾಕ ಎಲ್ಲಾ ಒಂದೇ ಥರ ಇರ್ತೈತಿ, ಬೇಲಿನೂ ಇರಂಗಿಲ್ಲ, ಆದ್ರ ಒಡೆಯರು ಬ್ಯಾರೆ ಬ್ಯಾರೆ, ನಮ್ಮ ಊರ ಹೊರಗ ಗಾಯರಾಣ ಎಲ್ಲಿ ಮುಗೀತು ಪಟ್ಟಾ ಹೊಲ ಎಲ್ಲಿ ಶುರುವಾತು ಅಂತ ಹೊಸಬರಿಗೆ ಗೊತ್ತಾಗದಂಗ. ಅದಕ್ಕ ಮೊದ್ಲು ಲ್ಯಾಂಡ್ ಮ್ಯಾಪ್ ನೋಡ್ರಿ, ಆಪ್ ಆಮ್ಯಾಲೆ. ಬಿಎಲ್‌ಎಂ ಮ್ಯಾಪ್‌ನಾಗ ಹಳದಿ ಬಣ್ಣ ಬಿಎಲ್‌ಎಂದು, ಹಸಿರು ನ್ಯಾಷನಲ್ ಫಾರೆಸ್ಟ್‌ದು, ಬಿಳಿ ಖಾಸಗಿಯವರ್ದು, ತಿಳಿನೀಲಿ ರಾಜ್ಯದ್ದು. ಭಾಳ ಮಂದಿ ಎಡವೋದು ಈ ನೀಲಿ ಬಣ್ಣದಾಗ. ಅರಿಜೋನಾದಾಗ ಸ್ಟೇಟ್ ಟ್ರಸ್ಟ್ ಲ್ಯಾಂಡ್ ಅಂತಾರ, ಹೆಸರು ಕೇಳಿದ್ರ ಸರ್ಕಾರಿ ಜಾಗ ಅನಿಸ್ತೈತಿ, ಆದ್ರ ಅದು ಸಾಲಿಗಳಿಗೆ, ಇನ್ನೂ ಕೆಲವು ಸಂಸ್ಥೆಗಳಿಗೆ ಆದಾಯ ಬರ್ಲಿ ಅಂತ ಇಟ್ಟಿರೋ ಭೂಮಿ, ಅಲ್ಲಿ ಇಳೀಬೇಕಂದ್ರ ದುಡ್ಡು ಕೊಟ್ಟು ಪರ್ಮಿಟ್ ತಗೋಬೇಕು. ನವಾಹೊ ಅನ್ನೋ ಅಲ್ಲಿನ ಮೂಲನಿವಾಸಿ ಮಂದಿ ಭೂಮಿ ಇನ್ನೂ ಬ್ಯಾರೆ, ಅದು ಅವರ ಸ್ವಂತ ಆಡಳಿತದ ನಾಡು, ಅವರ ಪರ್ಮಿಟ್ ಇಲ್ದ ಟೆಂಟ್ ಹೊಡ್ಯೂದು ದೊಡ್ಡ ಅಗೌರವ, ದಯವಿಟ್ಟು ಮಾಡಬ್ಯಾಡ್ರಿ. ನ್ಯಾಷನಲ್ ಪಾರ್ಕ್ ಒಳಗೂ ಕಂಡಲ್ಲಿ ಕಾರ್ ನಿಲ್ಲಿಸಿ ಮಲಗಂಗಿಲ್ಲ.

ಬಣ್ಣ ನೋಡಿದ ಮ್ಯಾಲೆ ಐಓವರ್‌ಲ್ಯಾಂಡರ್ ಥರದ ಆಪ್ ತಗೀರಿ, ಮೊದ್ಲು ಹೋಗಿಬಂದವರು ರಸ್ತಿ ಹೆಂಗೈತಿ, ಸಿಗ್ನಲ್ ಬರ್ತೈತೋ ಇಲ್ಲೋ ಅಂತ ಬರ್ದಿರ್ತಾರ, ಅದು ಉಪಯೋಗ, ಆದ್ರ ಆಪ್‌ನಾಗ ಪಿನ್ ಐತಿ ಅಂದ್ರ ಪರ್ಮಿಷನ್ ಐತಿ ಅಂತಲ್ಲ. ಫಾರೆಸ್ಟ್‌ನಾಗ ಆದ್ರ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಫ್ರೀ ಮ್ಯಾಪ್ ಸಿಗ್ತೈತಿ, ಯಾವ ರಸ್ತಿಯಾಗ ಗಾಡಿ ಒಯ್ಯಬಹುದು, ಯಾವ ರಸ್ತಿ ಪಕ್ಕ ಕ್ಯಾಂಪ್ ಮಾಡಬಹುದು ಎಲ್ಲಾ ಅದ್ರಾಗ ಐತಿ. ಕಡೀಗೆ ಆ ಏರಿಯಾದ ಬಿಎಲ್‌ಎಂ ಫೀಲ್ಡ್ ಆಫೀಸ್‌ಗೋ ಫಾರೆಸ್ಟ್‌ನವರ ರೇಂಜರ್ ಆಫೀಸ್‌ಗೋ ಮಗನ ಕಡಿಂದ ಒಂದ್ ಫೋನ್ ಮಾಡಿಸ್ರಿ: ಈಗ ರಸ್ತಿ ತೆರ್ದೈತನು, ಬೆಂಕಿ ಹಚ್ಚಬಹುದನು, ಎಲ್ಲಿ ಇಳ್ಯಂಗಿಲ್ಲ. ಇಷ್ಟು ಕೇಳಿದ್ರ ಅರ್ಧ ತಾಪತ್ರಯ ಮನ್ಯಾಗೇ ಮುಗೀತು.

ಈಗ ನಿಮ್ಮ ಡಿಸೆಂಬರ್ ಮಾತು. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ದಂಡಿ ಪಾರ್ಕ್ ಹೊರಗ ಟುಸಾಯನ್ ಅಂತ ಸಣ್ಣ ಊರು, ಅದರ ಸುತ್ತ ಕೈಬಾಬ್ ನ್ಯಾಷನಲ್ ಫಾರೆಸ್ಟ್, ಅಲ್ಲಿ ಫ್ರೀ ಕ್ಯಾಂಪಿಂಗ್ ಐತಿ, ಮಗ ಇದನ್ನೇ ನೋಡಿರಬೇಕು. ಆದ್ರ ಅದು 2000 ಮೀಟರ್ ಎತ್ತರ. ಡಿಸೆಂಬರ್ ರಾತ್ರಿ ನೀರು ಹೆಪ್ಪುಗಟ್ಟೋ ಥಂಡಿ, ಹಿಮ ಬಿದ್ರ ಮಣ್ಣಿನ ರಸ್ತಿ ಕೆಸರಾಗಿ ಸಾದಾ ಕಾರು ಸಿಕ್ಕೊಂಡು ಬಿಡ್ತೈತಿ. ನಮ್ಮ ಕಡಿ ಬಿಸಿಲಾಗ ಬೆಳದ ಮೈಗೆ, ಅದೂ ವಯಸ್ಸಾದ ಮ್ಯಾಲೆ, ಅಲ್ಲಿ ಟೆಂಟ್‌ನಾಗ ಮಲಗೂದು ನಾನಂತೂ ಬ್ಯಾಡ ಅಂತೀನಿ. ಕ್ಯಾನಿಯನ್‌ಗೆ ಹೋದಾಗ ರೂಮ್ ಮಾಡ್ರಿ, ಟೆಂಟ್ ಕೆಳಗಿನ ಮರುಭೂಮಿಯಾಗ ಹಾಕ್ರಿ.

ಫೀನಿಕ್ಸ್‌ನಿಂದ ಪಶ್ಚಿಮಕ್ಕ ಐ-10 ಹೈವೇ ಹಿಡಿದ್ರ ಎರಡು ತಾಸಿನ ಹಾದಿ, ಕ್ವಾರ್ಟ್ಸ್‌ಸೈಟ್ ಅಂತ ಊರು. ಚಳಿಗಾಲದಾಗ ದೊಡ್ಡ ದೊಡ್ಡ ಮನಿಯಂಥ ಗಾಡಿ ತಗಂಡು ಉತ್ತರದ ಚಳಿ ಊರಿನ ಮಂದಿ ಎಲ್ಲಾ ಇಲ್ಲಿಗೇ ಬರೋದು. ಊರ ಸುತ್ತ ಪ್ಲೊಮೋಸಾ ರೋಡ್, ಡೋಮ್ ರಾಕ್, ಹೈ ಜಾಲಿ ಅಂತ 14 ದಿನ ಫ್ರೀ ಇರೋ ಜಾಗ ಅದಾವ. ಹೈ ಜಾಲಿ ಅನ್ನೋದು ಒಬ್ಬ ಮನುಷ್ಯನ ಹೆಸರು, ಹಾಜಿ ಅಲಿ, 1850ರ ದಶಕದಾಗ ಅಮೆರಿಕದ ಸೈನ್ಯ ಮರುಭೂಮಿಗಂತ ಒಂಟಿ ತರಿಸಿದಾಗ ಅವುಗಳ ಜೊತಿಗೆ ಬಂದವ, ಅವನ ಸಮಾಧಿ ಅದೇ ಊರಾಗ ಐತಿ, ಮ್ಯಾಲೆ ಒಂಟಿ ಗೊಂಬಿ, ತಪ್ಪದ ನೋಡಿ ಬರ್ರಿ. ಅಲ್ಲೇ ಲಾ ಪೋಸಾ ಅಂತ ಇನ್ನೊಂದು ಜಾಗ ಐತಿ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಅಲ್ಲಿ ಫೀಸ್ ಐತಿ, ಆದ್ರ ನೀರಿನ ಸೌಕರ್ಯನೂ ಐತಿ. ಮೊದಲ ಸಲ ಹೋಗೋರಿಗೆ ಕ್ವಾರ್ಟ್ಸ್‌ಸೈಟ್ ಯಾಕ ಛಲೋ ಅಂದ್ರ ಸುತ್ತ ಮಂದಿ ಇರ್ತಾರ, ಅಂಗಡಿ ಹತ್ರ, ಏನರ ಆದ್ರ ಕೂಗಿದ್ರ ಕೇಳೋರು ಇರ್ತಾರ.

ಜಾಗ ಆರಿಸೋದು ಬೆಳಕಿದ್ದಾಗೇ ಮುಗಿಸ್ರಿ. ಮೊದ್ಲೇ ಯಾರರ ಇಳದ ಗುರುತಿರೋ ಗಟ್ಟಿ ನೆಲದಾಗೇ ಗಾಡಿ ನಿಲ್ಲಿಸ್ರಿ, ಹೊಸ ದಾರಿ ಮಾಡಬ್ಯಾಡ್ರಿ, ಆ ಮರುಭೂಮಿ ಮ್ಯಾಲಿನ ಪದರ ಜೀವ ಇರೋ ಪದರ, ಒಂದ್ ಸಲ ಅದರ ಮ್ಯಾಲೆ ಟೈರ್ ಹಾಯ್ದ್ರ ಮೊದಲಿನಂಗ ಆಗಾಕ ಹತ್ತಾರು ವರ್ಷ ಬೇಕು. ಒಣಗಿದ ಹಳ್ಳದ ಉಸುಕು ಮೆತ್ತಗ ಐತಿ ಅಂತ ಅದ್ರಾಗ ಟೆಂಟ್ ಹಾಕಬ್ಯಾಡ್ರಿ, ಎಲ್ಲೋ ದೂರದ ಗುಡ್ಡದಾಗ ಮಳಿ ಆದ್ರ ಇಲ್ಲಿ ಮೋಡನೇ ಇಲ್ದ ಹಳ್ಳ ಬರ್ತೈತಿ. ದನ, ಕಾಡುಪ್ರಾಣಿಗೆ ಒಂದೇ ಒಂದು ನೀರಿನ ಗುಂಡಿ ಇರೋ ಕಡಿ ಅದರ ಕಾಲು ಮೈಲಿ ಒಳಗ ಇಳ್ಯಂಗಿಲ್ಲ ಅಂತ ಅರಿಜೋನಾದಾಗ ಕಾನೂನೇ ಐತಿ, ಯಾಕಂದ್ರ ಮನುಷ್ಯರು ಕುಂತ್ರ ಪ್ರಾಣಿ ನೀರಿಗೆ ಬರಂಗಿಲ್ಲ. ತಲಿಗೆ ದಿನಕ್ಕ ನಾಲ್ಕು ಲೀಟರ್ ಲೆಕ್ಕ ಹಾಕಿ ನೀರು ಒಯ್ರಿ, ಅಡುಗಿ ನೀರು ಮ್ಯಾಲೆ. ಸಂಡಾಸಿಗೆ ಆರೆಂಟು ಇಂಚು ಗುಂಡಿ ತೋಡಿ ಮುಚ್ಚಬೇಕು, ನೀರಿನಿಂದ, ಟೆಂಟ್‌ನಿಂದ 200 ಅಡಿ ದೂರ, ಒರೆಸಿದ ಪೇಪರ್‌ನ ಒಂದ್ ಕವರ್‌ನಾಗ ಹಾಕಿ ವಾಪಸ್ ತರಬೇಕು. ಮಂದಿ ಇದಿಷ್ಟು ಮಾಡದೇ ಇದ್ದಿದ್ದಕ್ಕೇ ಎಷ್ಟೋ ಫ್ರೀ ಜಾಗ ಬಂದ್ ಆಗ್ಯಾವ, ನನಗ ಇದರ ಬಗ್ಗೆ ಭಾಳ ಸಂಕಟ ಐತಿ. ಇನ್ನ ಕಾರು ಬಾಡಿಗಿದಾಗಿದ್ರ ಮಣ್ಣಿನ ರಸ್ತಿಗೆ ಒಯ್ಯಬಹುದೋ ಇಲ್ಲೋ ಅಗ್ರಿಮೆಂಟ್ ಓದಿ ನೋಡ್ರಿ.

ಪ್ರಶ್ನೆ: ಮಗಳು ಟಕ್ಸನ್‌ದಾಗ ಓದ್ಲಿಕತ್ತಾಳ. ಜುಲೈದಾಗ ಗೆಳತಿಯರ ಕೂಡ ಮರುಭೂಮಿದಾಗ ಟೆಂಟ್ ಹಾಕ್ತೀವಿ ಅಂತಾಳ. ರಾಯಚೂರು ಬಿಸಲು ಕಂಡಾಕಿ ನಾ, ನನಗೇನಾಗ್ತದ ಅಂತಾಳ. ಏನ್ ಹೇಳ್ಬೇಕ್ರಿ?
– ಓದುಗರು, ಸಿಂಧನೂರು

ಉತ್ತರ: ಬ್ಯಾಡ ಅನ್ರಿ ಅಕ್ಕಾ, ಗಟ್ಟಿಯಾಗೇ ಅನ್ರಿ. ಜುಲೈನಾಗ ಕೆಳಗಿನ ಮರುಭೂಮಿ 40 ಡಿಗ್ರಿ ದಾಟೋದು ದಿನದ ಮಾತು, ನಮ್ಮಲ್ಲಿ ಬಿಸಿಲಾದ್ರ ಯಾರದರ ಕಟ್ಟಿ ಮ್ಯಾಲೆ ಕುಂತು ನೀರು ಕೇಳಬಹುದು, ಅಲ್ಲಿ ಗಾಡಿ ಕೆಟ್ಟು ನಿಂತ್ರ ಸುತ್ತ ಮನಿ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಮ್ಯಾಲೆ ಅಲ್ಲಿನ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರ ತನಕ, ಹಳ್ಳ ಬರೋ ಕಾಲ ಅದೇ. ಹೋಗ್ಲೇಬೇಕಂದ್ರ ಫ್ಲ್ಯಾಗ್‌ಸ್ಟಾಫ್ ಸುತ್ತಿನ ಕೊಕೊನೀನೊ ಫಾರೆಸ್ಟ್‌ಗೆ ಹೋಗ್ಲಿ, ಎತ್ತರದ ಜಾಗ, ತಂಪಿರ್ತೈತಿ, ಬೇಸಿಗಿಯಾಗ ಬೆಂಕಿ ನಿಷೇಧ ಹಾಕಿರ್ತಾರ, ಅದೊಂದು ಕೇಳ್ಕೊಂಡು ಹೋಗ್ಬೇಕು. ಎಲ್ಲಿ ಇಳೀತಾರ, ಯಾವಾಗ ವಾಪಸ್ ಬರ್ತಾರ ಅಂತ ಅಲ್ಲೇ ಊರಾಗಿರೋ ಒಬ್ಬರಿಗೆ ಬರ್ದು ಕೊಟ್ಟು ಹೋಗ್ಲಿ, ನಿಮಗ ಹೇಳಿದ್ರ ಸಾಲಂಗಿಲ್ಲ, ನೀವು ಇಲ್ಲಿಂದ ಹುಡುಕಾಕ ಆಗಂಗಿಲ್ಲ.

ಪ್ರಶ್ನೆ: ಇದೇ ಥರ ಹಂಪಿ, ಆನೆಗುಂದಿ ಗುಡ್ಡದಾಗ ಫ್ರೀ ಟೆಂಟ್ ಹಾಕಬಹುದಾ ಸರ್?
– ಓದುಗರು, ಬಳ್ಳಾರಿ

ಉತ್ತರ: ಇಲ್ರಿ. ನಮ್ಮಲ್ಲಿ ಅಂಥ ರೂಲ್ ಇಲ್ಲ. ಸ್ಮಾರಕದ ಜಾಗ ಪುರಾತತ್ವ ಇಲಾಖೆದು, ಕಾಡಿನ ಜಾಗಕ್ಕ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಆ ಗುಡ್ಡದಾಗ ಚಿರತಿ ಕರಡಿ ಬ್ಯಾರೆ ಅದಾವ. ಹೊಲದವರನ್ನ ಕೇಳಿ ಅವರು ಹೂಂ ಅಂದ ಮ್ಯಾಲೆ ಅವರ ಹೊಲದಾಗ, ಮನಿ ಹತ್ರ ಹಾಕ್ರಿ.