ಓದುಗರ ಪ್ರಶ್ನೆ: ಸಮಾರ್ಯದವನೂ ಪೊಲೀಸ್ ಕೇಸೂ

ಪ್ರಶ್ನೆ: ಭಾನುವಾರ ಚರ್ಚಿನಲ್ಲಿ ಒಳ್ಳೆಯ ಸಮಾರ್ಯದವನ ಸಾಮತಿ ಕೇಳಿ ತಲೆದೂಗುತ್ತೇವೆ. ಸೋಮವಾರ ಹೈವೇಯಲ್ಲಿ ಬೈಕಿನವನು ಬಿದ್ದಿದ್ದರೆ ಠಾಣೆ, ಕೋರ್ಟು ನೆನಪಾಗಿ ಗಾಡಿ ನಿಲ್ಲಿಸುವುದಿಲ್ಲ. ಈ ಭಯ ತಪ್ಪೇ?
— ಓದುಗರೊಬ್ಬರು, ಹಾಸನ

ಉತ್ತರ: ಭಯ ಪಾಪವಲ್ಲ, ಆದರೆ ಅದು ಹಳೆಯ ಭಯ. ಯೇಸು ಹೇಳಿದ ಆ ಕತೆಯಲ್ಲಿ ಕಳ್ಳರ ಏಟಿಗೆ ಅರೆಜೀವವಾಗಿ ಬಿದ್ದವನನ್ನು ಯಾಜಕ, ಅಂದರೆ ದೇವಾಲಯದ ಪೂಜಾರಿ, ನೋಡಿಯೂ ದಾಟಿಹೋಗುತ್ತಾನೆ; ಪರಕೀಯನಾದ ಸಮಾರ್ಯದವನು ನಿಂತು ಉಪಚರಿಸಿ ಛತ್ರಕ್ಕೆ ಸೇರಿಸುತ್ತಾನೆ. ಅದು ನಡೆಯುವ ದಾರಿ ಜೆರುಸಲೇಮಿನಿಂದ ಯೆರಿಕೋವಿಗೆ ಸುಮಾರು ಸಾವಿರ ಮೀಟರ್ ಇಳಿಜಾರು, ಕಳ್ಳರ ದಾರಿ. ನಿಂತವನಿಗೂ ಏಟು ಬೀಳಬಹುದಿತ್ತು. ಹೆಣ ಮುಟ್ಟಿ ಮೈಲಿಗೆಯಾದರೆ ಜೆರುಸಲೇಮಿನ ದೇವಾಲಯದ ಸೇವೆ ತಪ್ಪುತ್ತದೆಂದು ಯಾಜಕ ದೂರ ಸರಿದ ಎಂದು ಅವನ ಪರ ವಾದಿಸುವವರಿದ್ದಾರೆ. ಆದರೆ ಅವನು ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎನ್ನುತ್ತಾನೆ ಸುವಾರ್ತೆ ಬರೆದ ಲೂಕ (10:31). ಜೆರುಸಲೇಮಿಗೆ ಬೆನ್ನು ಹಾಕಿ ಹೊರಟವನಿಗೆ ಯಾವ ಸೇವೆ ತಪ್ಪುತ್ತಿತ್ತು?

ನಮ್ಮ ನೆಪವನ್ನು ಕಾನೂನೇ ಕಿತ್ತುಕೊಂಡಿದೆ. ನೆರವಾದವರ ರಕ್ಷಣೆಗೆ ಮೊದಲು ಪ್ರತ್ಯೇಕ ಕಾಯ್ದೆ ತಂದ ರಾಜ್ಯ ಕರ್ನಾಟಕ. ಅದಕ್ಕೆ 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಸದುದ್ದೇಶದಿಂದ ನೆರವಾಗುವಾಗ ಗಾಯಾಳುವಿಗೆ ಹೆಚ್ಚುಕಡಿಮೆಯಾದರೂ ನಿಮ್ಮ ಮೇಲೆ ಸಿವಿಲ್ ದಾವೆಯಿಲ್ಲ, ಕ್ರಿಮಿನಲ್ ಕೇಸಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳಲು ನೀವಾಗಿಯೇ ಒಪ್ಪಿದರೆ ವಿಚಾರಣೆ ಒಂದೇ ಸಲ. ಅದೂ ನಿಮ್ಮ ಮನೆಯಲ್ಲೋ ಕೆಲಸದ ಜಾಗದಲ್ಲೋ, ಪೊಲೀಸರು ಮಫ್ತಿಯಲ್ಲಿ ಬಂದು ಮಾಡಬೇಕು. ಈ ಹಕ್ಕುಗಳ ಫಲಕ ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಇರಬೇಕು. ಕಾಣದಿದ್ದರೆ ಕೇಳಿ.

ಪ್ರಶ್ನೆ: ನಿಂತ ಮೇಲೆ ಏನು ಮಾಡಬೇಕು? ಗಡಿಬಿಡಿಯಲ್ಲಿ ಕೆಡಿಸುವುದೇ ಹೆಚ್ಚಲ್ಲವೇ?
— ಯುವಜನ ಸಂಘದ ಸದಸ್ಯೆ, ಉಡುಪಿ

ಉತ್ತರ: ಹೌದು, ಕೆಡಿಸುವುದು ಸಾಮಾನ್ಯ. ಮೊದಲು ಹಿಂದಿನಿಂದ ಲಾರಿ ಬಂದು ಗುದ್ದದಂತೆ ನೋಡಿಕೊಳ್ಳಿ. ನಿಮ್ಮ ಗಾಡಿಯ ನಾಲ್ಕೂ ಇಂಡಿಕೇಟರ್ ಹಾಕಿ, ತುಸು ಹಿಂದೆ ಒಬ್ಬರನ್ನು ನಿಲ್ಲಿಸಿ. 108 ಅಥವಾ 112ಕ್ಕೆ ಕರೆ ಮಾಡುವಾಗ ಊರಿನ ಹೆಸರಿನ ಜೊತೆ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆ ಹೋಗುವ ಬದಿ ಎಂಬುದನ್ನೂ ಹೇಳಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ.

ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬೇಡಿ. ಮುಖದ ಮುಂದಿನ ಗಾಜು ಮೇಲೆತ್ತಿ, ಗಂಟಲ ಪಟ್ಟಿ ಸಡಿಲಿಸಿದರೆ ಸಾಕು. ಕುತ್ತಿಗೆ ಮುರಿದಿದ್ದರೆ ಆ ಒಂದು ಎಳೆತಕ್ಕೇ ಕೈಕಾಲು ಶಾಶ್ವತವಾಗಿ ಸೋಲಬಹುದು. ರಕ್ತ ಚಿಮ್ಮುವಲ್ಲಿ ಮಡಚಿದ ಶುದ್ಧ ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ. ನಿಂತಿತೇ ಎಂದು ಎತ್ತೆತ್ತಿ ನೋಡಬೇಡಿ, ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು.

ಸುತ್ತ ನಿಂತವರು ಮೊದಲು ನೀಡುವುದು ನೀರಿನ ಬಾಟಲಿಯನ್ನೇ. ತಡೆಯಿರಿ. ಪ್ರಜ್ಞೆ ಮಸುಕಾದವನಿಗೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಆಪರೇಷನ್ ಬೇಕಾದರೆ ಅರಿವಳಿಕೆಯ ಹೊತ್ತಿಗೆ ವಾಂತಿಯಾಗುವ ಅಪಾಯವೂ ಇದೆ. ಆಂಬುಲೆನ್ಸ್ ಸಿಗದೆ ನೀವೇ ಸಾಗಿಸಬೇಕಾದರೆ ಆಟೋದಲ್ಲಿ ಮಡಚಿ ಕೂರಿಸುವುದಕ್ಕಿಂತ ಗೂಡ್ಸ್ ಟೆಂಪೋದಲ್ಲಿ ಅಂಗಾತ ಮಲಗಿಸುವುದು ಮೇಲು. ಎತ್ತುವಾಗ ಮೂರ್ನಾಲ್ಕು ಜನ ಬೇಕು, ಅವರಲ್ಲಿ ಒಬ್ಬರು ತಲೆ, ಕುತ್ತಿಗೆ ಬಿಟ್ಟು ಬೇರೇನೂ ಹಿಡಿಯಬಾರದು.

ಪ್ರಶ್ನೆ: ನೆರವಾದವರಿಗೆ ಸರ್ಕಾರ ಹಣ ಕೊಡುತ್ತದಂತೆ. ಕ್ರೈಸ್ತರು ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಕೊಳ್ಳೇಗಾಲ

ಉತ್ತರ: ‘ರಾಹ್‌ವೀರ್’ ಯೋಜನೆಯಲ್ಲಿ 25,000 ರೂಪಾಯಿ. ತೀವ್ರ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ. ಧಾರಾಳವಾಗಿ ತೆಗೆದುಕೊಳ್ಳಿ, ದಿನಗೂಲಿಯವರು ಅರ್ಧ ದಿನದ ದುಡಿಮೆ ಬಿಟ್ಟು ನಿಂತಿರುತ್ತಾರೆ. ಆ ಸಮಾರ್ಯದವನು ಛತ್ರದವನಿಗೆ ಎರಡು ದೇನಾರಿ ಕೊಟ್ಟ, ಅಂದಿನ ಎರಡು ದಿನದ ಕೂಲಿ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುವೆನೆಂದ. ನಾವು ಮಾಡದೆ ಬಿಡುವುದು ಈ ಮರಳಿ ಬರುವ ಭಾಗವನ್ನೇ. 2025ರ ಮೇಯಿಂದ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯಿದೆ. ಇದು ಗೊತ್ತಿಲ್ಲದೆ ಮನೆಯವರು ಬಳೆ ಅಡವಿಡಲು ಓಡುತ್ತಾರೆ. ಮಾರನೆಯ ದಿನ ವಾರ್ಡಿಗೆ ಹೋಗಿ ಇದನ್ನು ಹೇಳಿ ಬನ್ನಿ, ಹೋಗುವಾಗ ಜೊತೆಗಿರುವವರಿಗೆ ಊಟ ಒಯ್ಯಿರಿ.