ಫೋನು, ಇಯರ್‌ಫೋನು ಇಷ್ಟರಲ್ಲೇ ಹೊಸ ಆಲ್ಬಂಗಳ ವಿಮರ್ಶೆ ಬರೆಯಬಹುದಾ?

ಕೊಪ್ಪಳದಲ್ಲಿದ್ದುಕೊಂಡು, ಬರೀ ಫೋನು-ಇಯರ್‌ಫೋನಿನಲ್ಲಿ ರಾಕ್, ಜಾನಪದ, ಪಂಕ್, ಎಲೆಕ್ಟ್ರಾನಿಕ್ ಆಲ್ಬಂ ಕೇಳಿ ಕನ್ನಡದಲ್ಲಿ ವಿಮರ್ಶೆ ಬರೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಬರೆಯಬಹುದು. ಎರಡು ಮಾತು ನೆನಪಿರಲಿ: ನಾಲ್ಕಕ್ಕೂ ಒಂದೇ ಅಳತೆಗೋಲು ಹಿಡಿಯಬೇಡಿ. ಹೊಗಳಿದರೂ ತೆಗಳಿದರೂ ಎಷ್ಟನೇ ನಿಮಿಷದಲ್ಲಿ ಕೇಳಿದ್ದು ಅಂತ ತೋರಿಸಿ.

ಮೊದಲು ಫೋನ್ ಸರಿ ಮಾಡಿಕೊಳ್ಳಿ. ಶಫಲ್, ಕ್ರಾಸ್‌ಫೇಡ್, ಈಕ್ವಲೈಸರ್ ಎಲ್ಲ ಆಫ್. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಳ್ಳುತ್ತೆ, ನಡುವೆ ಬೇಕಂತಲೇ ಬಿಟ್ಟ ಮೌನ ಗೊತ್ತೇ ಆಗೋದಿಲ್ಲ. ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಜೋರಿಗೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಮಾತ್ರ ಆನ್ ಇರಲಿ. ಸ್ವಲ್ಪ ಜೋರಾಗಿದ್ದದ್ದೇ ಕಿವಿಗೆ ಚೆಂದ ಅನ್ನಿಸೋದರಿಂದ, ಎರಡು ಆಲ್ಬಂ ಹೋಲಿಸುವಾಗ ಮೋಸ ಹೋಗ್ತೀವಿ. ಇಯರ್‌ಫೋನಿನ ರಬ್ಬರ್ ತುದಿ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಬೇಸ್ ಸೋರಿಹೋಗಿ, ತಪ್ಪು ಆಲ್ಬಮ್ಮಿನ ಮೇಲೆ ಬೀಳುತ್ತೆ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರಿನ ಕಾಟ ಬೇರೆ. ಅದರ ಗುಂಯ್ ಸದ್ದು ತಗ್ಗಿನ ಸ್ವರಗಳನ್ನೆಲ್ಲ ಮುಚ್ಚಿಹಾಕುತ್ತೆ. ಬೆಳಗ್ಗೆ ಆರಕ್ಕೆ, ಕೂಲರ್ ಹಚ್ಚುವ ಮೊದಲು ಕೇಳಿ.

ಎಲೆಕ್ಟ್ರಾನಿಕ್‌ಗೆ ಇದು ಬಹಳ ಮುಖ್ಯ. ಅದರ ಜೀವ ಎಷ್ಟೋ ಸಲ 40-60 ಹರ್ಟ್ಸಿನ ಬೇಸಿನಲ್ಲೇ ಇರುತ್ತೆ, ಫೋನಿನ ಸ್ಪೀಕರಿನಲ್ಲಿ ಅದು ಕೇಳಿಸೋದೇ ಇಲ್ಲ. "ಅದೇ ಅದೇ ಬರುತ್ತೆ" ಅನ್ನಿಸಿದರೆ ಬೀಟ್ ಬಿಟ್ಟು ಉಳಿದದ್ದಕ್ಕೆ ಕಿವಿಗೊಡಿ: ಸಾಮಾನ್ಯವಾಗಿ ಎಂಟೋ ಹದಿನಾರೋ ಬಾರ್‌ಗೊಮ್ಮೆ (ಬಾರ್ ಅಂದರೆ ತಾಳದ ಒಂದು ಸುತ್ತು, ಹೆಚ್ಚಾಗಿ ನಾಲ್ಕು ಬೀಟ್) ಏನೋ ಸೇರುತ್ತೆ, ಇಲ್ಲ ಕಳಚುತ್ತೆ. ಅದನ್ನು ಗುರುತು ಹಾಕಿಕೊಳ್ಳಿ.

ರಾಕ್‌ನಲ್ಲಿ ಎರಡು ಥರದ ಒಡಕು ಸದ್ದು ಬೇರೆ ಮಾಡೋಕೆ ಕಲೀರಿ. ಗಿಟಾರ್ ಮಾತ್ರ ಒಡೆದಂತೆ ಕೇಳಿದರೆ ಅದು ಪೆಡಲ್ಲಿನದೋ ಆಂಪ್ಲಿಫೈಯರಿನದೋ, ಬೇಕಂತಲೇ ಮಾಡಿದ್ದು. ಡ್ರಮ್ಮಿನ ಪ್ರತಿ ಏಟಿಗೂ ಕಂಠ, ಗಿಟಾರ್ ಎಲ್ಲ ಸೇರಿ ಚರ್ ಅಂದರೆ, ಮಾಸ್ಟರಿಂಗ್‌ನಲ್ಲೋ (ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡುವ ಹಂತ) ಅದಕ್ಕೂ ಮೊದಲೋ ಸದ್ದನ್ನು ಮಿತಿ ಮೀರಿ ಏರಿಸಿರುತ್ತಾರೆ. ಮೆಟಾಲಿಕಾದ 2008ರ 'ಡೆತ್ ಮ್ಯಾಗ್ನೆಟಿಕ್' ಇದಕ್ಕೆ ಒಳ್ಳೆ ಪಾಠ: ಅದೇ ಹಾಡುಗಳು 'ಗಿಟಾರ್ ಹೀರೋ' ಗೇಮಿನಲ್ಲಿ ಇಷ್ಟು ಒಡೆಯದೆ ಬಂದಿದ್ದರಿಂದ ಕೇಳುಗರಿಗೆ ವ್ಯತ್ಯಾಸ ಸಿಕ್ಕಿಬಿತ್ತು.

ಪಂಕ್‌ನಲ್ಲಿ ಹಾಡು ಚಿಕ್ಕದು, ಕಂಠ ಒರಟು ಅನ್ನೋದು ದೋಷವಲ್ಲ. ರಮೋನ್ಸ್‌ನ 1976ರ ಮೊದಲ ಆಲ್ಬಮ್ಮಿನ 14 ಹಾಡು ಅರ್ಧ ಗಂಟೆಯೊಳಗೇ ಮುಗಿಯುತ್ತವೆ. ಆ ವೇಗದಲ್ಲಿ ಡ್ರಮ್ಮರ್ ಜಾರುತ್ತಾನಾ, ಮಾತು ಕಿವಿಗೆ ಮುಟ್ಟುತ್ತಾ, ಅಷ್ಟು ನೋಡಿ.

ಜಾನಪದದಲ್ಲಿ ನಿಮಗಿರೋ ಅನುಕೂಲ ದೊಡ್ಡ ಊರಿನ ವಿಮರ್ಶಕರಿಗಿಲ್ಲ, ಅದನ್ನು ಬಳಸಿಕೊಳ್ಳಿ. ಜಾನಪದ ಫ್ಯೂಶನ್ ಹೆಸರಲ್ಲಿ ತತ್ವಪದ, ದಾಸರ ಪದಗಳೂ ಬರುತ್ತವೆ. ಅವುಗಳ ಕೊನೆಯ ನುಡಿಯಲ್ಲಿ ಅಂಕಿತ, ಅಂದರೆ ಬರೆದವರು ಯಾರು ಅಂತ ತಿಳಿಸುವ ಗುರುತಿನ ಹೆಸರು, ಇರುತ್ತೆ. ಮಾನ್ವಿಯ ಜಗನ್ನಾಥದಾಸರದು 'ಜಗನ್ನಾಥ ವಿಠಲ'. ಹಾಡನ್ನು ನಾಲ್ಕು ನಿಮಿಷಕ್ಕೆ ಇಳಿಸುವಾಗ ಕೊನೆಯ ನುಡಿಗೆ ಕತ್ತರಿ ಬಿದ್ದರೆ ಅಂಕಿತವೂ ಹೋಯ್ತು. ಆಮೇಲೆ ಕ್ರೆಡಿಟ್ಟಿನಲ್ಲಿ 'ಸಾಂಪ್ರದಾಯಿಕ' ಅಂತಷ್ಟೇ ಕಂಡರೆ ಸುಮ್ಮನಿರಬೇಡಿ, ಬರೆದವರ ಹೆಸರು ನಿಮ್ಮ ವಿಮರ್ಶೆಯಲ್ಲಾದರೂ ಇರಲಿ. ಇನ್ನು ಲಯ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರ ಬುರ್ರಕಥೆ ಕೇಳಿದವರಿಗೆ ಗೊತ್ತು, ಅಲ್ಲಿ ತಾಳ ಕಥೆಯ ಜೊತೆ ಹಿಗ್ಗುತ್ತೆ, ಕುಗ್ಗುತ್ತೆ. ಅಂಥ ಹಾಡಿಕೆಯನ್ನು ಕ್ಲಿಕ್ ಟ್ರ್ಯಾಕಿಗೆ (ರೆಕಾರ್ಡಿಂಗ್‌ನಲ್ಲಿ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಸದ್ದು) ಕಟ್ಟಿದರೆ ಮೊದಲು ಸಾಯೋದು ಸಾಲಿನ ಕೊನೆಯಲ್ಲಿ ಹಾಡುವವರು ಎಳೆದುಕೊಳ್ಳುವ ಉಸಿರು. ಆ ಉಸಿರು ಕೇಳಿಸುತ್ತಾ ನೋಡಿ. ನನಗಂತೂ ಫ್ಯೂಶನ್ ಗೆದ್ದಿತೋ ಸೋತಿತೋ ಅನ್ನೋದು ಅಲ್ಲೇ ತಿಳಿಯುತ್ತೆ.

ಕನಿಷ್ಠ ಮೂರು ಸಲ ಕೇಳಿ. ಮೊದಲ ಸಲ ಏನೂ ಬರೆಯದೆ, ಪೂರ್ತಿ. ಎರಡನೇ ಸಲ ನಿಮಿಷ-ಸೆಕೆಂಡ್ ಬರೆದುಕೊಳ್ಳುತ್ತಾ. ಎರಡು ದಿನ ಬಿಟ್ಟು ಮೂರನೇ ಸಲ. ಕೇಳುವ ಮೊದಲು ಯಾವ ಹಾಡು ತಲೆಯಲ್ಲಿ ಉಳಿದಿದೆ ಅಂತ ಬರೆದಿಡಿ.

ವಿಮರ್ಶೆ 400 ಪದ ಸಾಕು. ಹನ್ನೆರಡು ಹಾಡಿಗೂ ಒಂದೊಂದು ಸಾಲು ಹಂಚಬೇಡಿ, ಎರಡನ್ನೇ ಬಿಡಿಸಿ ಹೇಳಿ. "ಗಿಟಾರ್ ಅದ್ಭುತ" ಅಂದರೆ ಓದುಗರಿಗೆ ಏನೂ ಸಿಗೋದಿಲ್ಲ. "ಮೂರನೇ ಹಾಡಿನ 2:10ಕ್ಕೆ ಗಿಟಾರ್ ನಿಂತು ಡ್ರಮ್ ಒಂದೇ ಉಳಿಯುತ್ತೆ, ಅಲ್ಲಿಂದ ಹಾಡು ಮತ್ತೆ ಮೇಲೇಳೋದಿಲ್ಲ" ಅಂದರೆ ಅವರೂ ಹಚ್ಚಿ ನೋಡ್ತಾರೆ, ಬೇಕಿದ್ದರೆ ನಿಮ್ಮ ಜೊತೆ ಜಗಳ ಆಡ್ತಾರೆ. 2015ರ ಜುಲೈಯಿಂದ ಹೊಸ ಆಲ್ಬಂಗಳು ಹೆಚ್ಚಾಗಿ ಶುಕ್ರವಾರವೇ ಬರುತ್ತವೆ. ಬರೆದದ್ದನ್ನು ಮುಂದಿನ ಬುಧವಾರಕ್ಕಿಂತ ಮೊದಲು ಹಾಕಬೇಡಿ.